ವಿದುರಾಶ್ವತ್ಥ: ನೋಡಲು ಬರುವವರಿಗೂ ಹಣ ಹೂಡಲು ಬರುವವರಿಗೂ ಒಂದು ಮಾತು

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೊರಟರೆ ಸುಮಾರು 6 ಕಿಲೋಮೀಟರಿನಲ್ಲಿ ವಿದುರಾಶ್ವತ್ಥ ಸಿಗುತ್ತದೆ. ಆಂಧ್ರದ ಗಡಿಗೆ ಅಂಟಿಕೊಂಡಿರುವ ಸಣ್ಣ ಗ್ರಾಮ ಇದು. ಈ ಭಾಗದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಪಕ್ಕದಲ್ಲೇ ಉತ್ತರ ಪಿನಾಕಿನಿ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ, ಈ ಊರನ್ನು ದಾಟಿ ಆಂಧ್ರಕ್ಕೆ ಇಳಿದು, ನೆಲ್ಲೂರಿನ ಬಳಿ ಸಮುದ್ರ ಸೇರುವ ನದಿ. ನದಿಯೆಂದರೆ ವರ್ಷದ ಬಹುಪಾಲು ಇಲ್ಲಿ ಕಾಣುವುದು ಒಣ ಪಾತ್ರವೇ.

ಊರಿನ ಹೆಸರು, ಊರಿನ ಹೆಮ್ಮೆ

ಮಹಾಭಾರತದ ವಿದುರನು ನೆಟ್ಟ ಅಶ್ವತ್ಥ ವೃಕ್ಷದಿಂದ ಊರಿಗೆ ಈ ಹೆಸರು ಬಂದಿತೆಂಬುದು ಜನರ ನಂಬಿಕೆ. ಆ ಹಳೆಯ ಅರಳಿ ಮರ 2001ರಲ್ಲಿ ಬುಡಸಮೇತ ಉರುಳಿತು. ಆದರೆ ಅಶ್ವತ್ಥನಾರಾಯಣ ಸ್ವಾಮಿಯ ಸನ್ನಿಧಿಗೆ ಬರುವವರ ಸಂಖ್ಯೆ ಕಡಿಮೆಯಾಗಿಲ್ಲ. ಸಂತಾನಕ್ಕಾಗಿ, ನಾಗದೋಷ ಪರಿಹಾರಕ್ಕಾಗಿ ಹರಕೆ ಹೊತ್ತವರು ತಲೆಮಾರುಗಳಿಂದ ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಸಾವಿರಾರು ಸಂಖ್ಯೆಯಲ್ಲಿ ಸಾಲುಗಟ್ಟಿ ನಿಂತಿವೆ.

ಎರಡನೆಯ ಹೆಮ್ಮೆ ಸ್ವಾತಂತ್ರ್ಯ ಹೋರಾಟದ್ದು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ಬೆನ್ನಲ್ಲೇ, ಅದೇ ತಿಂಗಳ 25ರಂದು ಇಲ್ಲಿ ಸಾವಿರಾರು ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 10 ಮಂದಿ. ಜನರ ಲೆಕ್ಕದಲ್ಲಿ 30ಕ್ಕೂ ಹೆಚ್ಚು. ಸತ್ತವರಲ್ಲಿ ಬಹಳ ಮಂದಿ ಸುತ್ತಲಿನ ಹಳ್ಳಿಗಳ ಸಾಮಾನ್ಯ ಜನರು. ಸುದ್ದಿ ತಿಳಿದ ಗಾಂಧೀಜಿ, ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನು ಮೈಸೂರು ಸಂಸ್ಥಾನಕ್ಕೆ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶವಾಯಿತು. 'ದಕ್ಷಿಣದ ಜಲಿಯನ್‌ವಾಲಾಬಾಗ್' ಎಂಬ ಹೆಸರು ಊರಿಗೆ ಬಂದದ್ದು ಹೀಗೆ. ಸ್ಮಾರಕವನ್ನೂ ವೀರಸೌಧದ ಚಿತ್ರಗಳನ್ನೂ ಮಕ್ಕಳಿಗೆ ತಪ್ಪದೆ ತೋರಿಸಬೇಕು.

ಯಲಹಂಕ–ಹಿಂದೂಪುರ ರೈಲು ಮಾರ್ಗದಲ್ಲಿ ಊರಿನ ಹೆಸರಿನದೇ ಪುಟ್ಟ ನಿಲ್ದಾಣವಿದೆ. ದೊಡ್ಡ ರೈಲುಗಳಲ್ಲಿ ಬರುವವರು ಗೌರಿಬಿದನೂರಿನಲ್ಲಿಳಿದು ಬಸ್ಸು ಅಥವಾ ಆಟೋ ಹಿಡಿಯುವುದು ಲೇಸು. ರಾತ್ರಿ ತಂಗುವವರಿಗೂ ಗೌರಿಬಿದನೂರೇ ಅನುಕೂಲ.

ನೆಲ ಮತ್ತು ನೀರು

ಇನ್ನು ಬೇಸಾಯದ ಮಾತು. ಸೀಮೆಯ ಹೆಚ್ಚಿನ ನೆಲ ಕೆಂಪು ಮಣ್ಣು. ರಾಗಿ, ಕಡಲೆಕಾಯಿ, ಅವರೆ, ತೊಗರಿ ಇಲ್ಲಿನ ಹಳೆಯ ಬೆಳೆಗಳು. ಮುಸುಕಿನ ಜೋಳ ಈಚಿನ ದಶಕಗಳಲ್ಲಿ ಹಬ್ಬಿದೆ. ನೀರಿದ್ದವರು ಹಿಪ್ಪುನೇರಳೆ, ತರಕಾರಿ ಬೆಳೆಯುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಕೆರೆಗಳು ಬತ್ತಿದವು, ತೆರೆದ ಬಾವಿಗಳು ಒಣಗಿದವು, ಸಾವಿರ ಅಡಿ ದಾಟಿದ ಕೊಳವೆ ಬಾವಿಗಳು ಬಂದವು. ಆಳಕ್ಕೆ ಹೋದಂತೆ ಫ್ಲೋರೈಡ್ ತೊಂದರೆಯೂ ಹೆಚ್ಚಿತು. ನದಿಯ ಮರಳು ಲಾರಿ ಹತ್ತಿದ ಮೇಲೆ ಪಾತ್ರದಲ್ಲಿ ನೀರು ಇಂಗಿ ನಿಲ್ಲುವ ಗುಣವೂ ಕುಗ್ಗಿತು.

ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ಅಂತರ್ಜಲಕ್ಕೆ ಸ್ವಲ್ಪ ಆಸರೆಯಾಗಿದೆ. ಆ ನೀರಿನ ಗುಣಮಟ್ಟದ ಬಗ್ಗೆ ರೈತರ ಪ್ರಶ್ನೆಗಳೂ ಇವೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ದೂರದ ನೀರನ್ನೇ ನಂಬಿ ಕೂಡದೆ ತಲೆಯ ಮೇಲೆ ಬೀಳುವ ನೀರಿನ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 28 ಲಕ್ಷ ಲೀಟರ್. ಇದರಲ್ಲಿ ಹತ್ತರಲ್ಲೊಂದು ಪಾಲನ್ನು ಕೃಷಿ ಹೊಂಡದಲ್ಲಿ ಹಿಡಿದರೂ, ಬೆಳೆ ಬಾಡುವ ಹೊತ್ತಿಗೆ ಒಂದೆರಡು ಸಲ ನೀರುಣಿಸಬಹುದು.

ಹಣ ಹೂಡುವವರು ಎಲ್ಲಿ ಹೂಡಬೇಕು?

ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಹೊಲದ ಬದಿಯಲ್ಲಿ ನಿಂತು ಮೊದಲು ಕೇಳುವುದು, "ಎಕರೆ ಎಷ್ಟಕ್ಕೆ ಹೋಗ್ತದೆ ಯಜಮಾನ್ರೇ?" ಎಂದು. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ್ದರಿಂದ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಅಡ್ಡಿಯಿಲ್ಲ. ಕೊಂಡ ಭೂಮಿಗೆ ಬೇಲಿ ಹಾಕಿ ಬೆಲೆ ಏರಲೆಂದು ಕಾಯುವುದರಿಂದ ಊರಿಗೆ ಒಂದು ದಿನದ ಕೂಲಿಯೂ ಹುಟ್ಟುವುದಿಲ್ಲ. ಮಾರಿದವನ ಹಣ ಮದುವೆಗೋ ಸಾಲಕ್ಕೋ ಕರಗುತ್ತದೆ. ಆಮೇಲೆ ಅವನೇ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಬೇಕಾಗುತ್ತದೆ. ಊರಿಗೆ ಬೇಕಾದುದು ಬೇರೆ ಬಗೆಯ ಬಂಡವಾಳ.

ಮೊದಲನೆಯದು ರೇಷ್ಮೆ. ಹೆಸರಾದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇದೇ ಜಿಲ್ಲೆಯಲ್ಲಿದೆ. ಬಿಚ್ಚಾಣಿಕೆದಾರರಿಗೆ ಗೂಡು ಎಷ್ಟು ಬಂದರೂ ಬೇಕು. ನೀರು ಕಡಿಮೆಯಿದ್ದವರು ಹಿಪ್ಪುನೇರಳೆಯನ್ನು ಮರಪದ್ಧತಿಯಲ್ಲಿ ಬೆಳೆಸಬಹುದು. 10 ಅಡಿಗೆ 10 ಅಡಿ ಅಂತರದಲ್ಲಿ ಎಕರೆಗೆ ಸುಮಾರು 435 ಗಿಡ ಹಿಡಿಯುತ್ತವೆ. ಬೇರು ಆಳಕ್ಕಿಳಿಯುವುದರಿಂದ ಹನಿ ನೀರಾವರಿಯಲ್ಲಿ ಸುಧಾರಿಸಿಕೊಳ್ಳುತ್ತವೆ. ಎಳೆಯ ಹುಳುವನ್ನು ಎರಡನೆಯ ಜ್ವರದವರೆಗೆ ಶುಚಿಯಾಗಿ ಸಾಕಿ ರೈತರಿಗೆ ಒದಗಿಸುವ ಚಾಕಿ ಕೇಂದ್ರಕ್ಕೆ ದೊಡ್ಡ ಜಮೀನು ಬೇಡ. ತರಬೇತಿ ಪಡೆದ ಊರಿನ ಯುವಕರೇ ಅದನ್ನು ನಡೆಸಬಲ್ಲರು. ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯ ಮತ್ತು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಬಹುದು.

ಎರಡನೆಯದು, ಮುಸುಕಿನ ಜೋಳ ಒಣಗಿಸುವ ಕಣ ಮತ್ತು ಉಗ್ರಾಣ. ಕೊಯ್ಲಿನ ಹೊತ್ತಿಗೆ ತೇವವಿದ್ದ ಕಾಳನ್ನು ಬಂದ ಬೆಲೆಗೆ ಕೊಟ್ಟುಬಿಡುವುದು ರೈತರ ಪಾಡು. ಒಣಗಿಸಿ ಒಂದೆರಡು ತಿಂಗಳು ಇಟ್ಟುಕೊಳ್ಳುವ ಶಕ್ತಿ ಬಂದರೆ ಬೆಲೆ ಕೇಳುವ ಧೈರ್ಯವೂ ಬರುತ್ತದೆ.

ಮೂರನೆಯದು ಯಾತ್ರಿಕರ ವ್ಯಾಪಾರ. ದೇವಸ್ಥಾನಕ್ಕೆ ಬಂದವರು ಒಂದು ಗಂಟೆಯಲ್ಲಿ ಹಿಂತಿರುಗುತ್ತಾರೆ. ಅವರಿಗೆ ಶುಚಿಯಾದ ಶೌಚಾಲಯ, ನೆರಳು, ಮುದ್ದೆ–ಅವರೆಕಾಳು ಸಾರಿನ ಊಟ, ರಾಗಿ ಹಿಟ್ಟು, ಹುಣಸೆ, ಕಡಲೆಕಾಯಿ ಕೊಳ್ಳುವ ಅಂಗಡಿ ಸಿಕ್ಕರೆ, ಅದೇ ಹಣ ಊರಿನ ಹೆಣ್ಣುಮಕ್ಕಳ ಸಂಘಗಳಿಗೆ ಸೇರುತ್ತದೆ.

ಸಹಿ ಹಾಕುವ ಮುನ್ನ

ಭೂಮಿಯ ವ್ಯವಹಾರ ಮಾಡುವವರು ಮೂರು ಸಂಗತಿಗಳನ್ನು ಮರೆಯಬಾರದು. ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದು 1974ರ ತಿದ್ದುಪಡಿಯಿಂದ ಬಹುಮಟ್ಟಿಗೆ ನಿಷಿದ್ಧ. ಆದ್ದರಿಂದ ಬಾಯಿಮಾತಿನ ಗುತ್ತಿಗೆ ಇಬ್ಬರಿಗೂ ಅಪಾಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಕೊಂಡರೆ ಭೂಮಿ ಮೂಲ ಮಂಜೂರಿದಾರರಿಗೆ ಮರಳುತ್ತದೆ. ಕೃಷಿಯೇತರ ಕೆಲಸಕ್ಕೆ ಭೂಪರಿವರ್ತನೆ ಆಗಿದೆಯೇ ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು.

ರೈತರಿಗೂ ಒಂದು ಕಿವಿಮಾತು. ಬಂದವರಿಗೆ ಭೂಮಿಯ ಬೆಲೆ ಹೇಳುವ ಮೊದಲು, "ನಮ್ಮ ಬೆಳೆಗೆ ಏನು ಮಾಡ್ತೀರಿ ಸ್ವಾಮಿ?" ಎಂದು ಕೇಳಿ. ನಾಲ್ಕು ಮನೆಯವರು ಕೂಡಿ ರೈತ ಉತ್ಪಾದಕ ಸಂಸ್ಥೆಯ ಹೆಸರಿನಲ್ಲಿ ಮಾತಾಡಿದರೆ ಕರಾರು ಕಾಗದದ ಮೇಲೆ ಬರುತ್ತದೆ, ಜಮೀನು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಒಂದು ಧ್ವಜ ಹಾರಿಸುವ ಹಕ್ಕಿಗಾಗಿ ಪ್ರಾಣ ಕೊಟ್ಟವರ ಊರಿನಲ್ಲಿ, ಪಹಣಿಯ ಮೇಲಿನ ಹೆಸರನ್ನು ಉಳಿಸಿಕೊಳ್ಳುವುದು ಆಗದ ಕೆಲಸವೇನಲ್ಲ.