ಜೊತೆ ಅಗಲಿದ ಎತ್ತಿನ ಆರೈಕೆ

ವರ್ಷಗಟ್ಟಲೆ ಒಂದೇ ನೊಗಕ್ಕೆ ಹೆಗಲು ಕೊಟ್ಟ ಜೋಡೆತ್ತುಗಳಲ್ಲಿ ಒಂದು ಸತ್ತರೆ ಅಥವಾ ಮಾರಾಟವಾದರೆ, ಉಳಿದದ್ದು ಮೇವು ಕಡಿಮೆ ಮಾಡಬಹುದು, ಪದೇ ಪದೇ ಕೂಗಬಹುದು, ಹಗ್ಗ ಜಗ್ಗಬಹುದು, ನೊಗ ಕಂಡರೆ ಹಿಂಜರಿಯಬಹುದು. ಎತ್ತು ಮೈಗಳ್ಳತನ ಕಲಿತಿತೆಂದು ಹೊಡೆಯುವುದೂ ಸಿಕ್ಕಿದ ಬೆಲೆಗೆ ಮಾರುವುದೂ ಉಂಟು. ಹೀಗೆ ಮಾಡಿದವರು ಒಂದು ಎತ್ತು ಕೊಳ್ಳುವ ಬದಲು ಎರಡು ಕೊಳ್ಳಬೇಕಾಗುತ್ತದೆ.

ಕಾರಣವೇನು?

ದನ ಹಿಂಡಿನಲ್ಲಿ ಬಾಳುವ ಪ್ರಾಣಿ. ಜೊತೆಯ ದನ ಕಣ್ಣೆದುರು ಇದ್ದರೆ ಅದಕ್ಕೆ ಧೈರ್ಯ. ಒಂಟಿಯಾದಾಗ ಎದೆಬಡಿತ ಹೆಚ್ಚಿ ಗಾಬರಿಗೊಳ್ಳುತ್ತದೆ. ಹಳ್ಳಿಕಾರ್, ಅಮೃತಮಹಲ್‌ನಂತಹ ಚುರುಕು ತಳಿಗಳನ್ನು ಆಗ ಹೊಡೆದರೆ ಗಾಬರಿ ಹೆಚ್ಚುವುದೇ ಹೊರತು ಕೆಲಸ ಸಾಗದು.

ಮೊದಲು ರೋಗವಲ್ಲವೆಂದು ತಿಳಿಯಿರಿ

ಮೇವು ಬಿಡುವುದು ಅನೇಕ ರೋಗಗಳ ಲಕ್ಷಣವೂ ಹೌದು. ಎಡಪಕ್ಕೆಯ ಹಿಂದಿನ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿದರೆ 2 ನಿಮಿಷಗಳಲ್ಲಿ 2ರಿಂದ 4 ಸಲ ಹೊಟ್ಟೆಯ ಚಲನೆ ಕೈಗೆ ತಿಳಿಯಬೇಕು. ಚಲನೆ ನಿಂತಿದ್ದರೆ, ಜ್ವರ, ಜೊಲ್ಲು, ಗಂಟಲ ಊತ ಕಂಡರೆ ಅಥವಾ ಪೂರ್ತಿ ಒಂದು ದಿನ ಮೆಲುಕು ಹಾಕದಿದ್ದರೆ ಪಶುವೈದ್ಯರಿಗೆ ತೋರಿಸಿರಿ. ಜೊತೆಯ ಎತ್ತು ರೋಗದಿಂದ ಸತ್ತಿದ್ದರೆ ತಡಮಾಡಲೇಬಾರದು.

ಆರೈಕೆ ಕ್ರಮ

1. ಎತ್ತನ್ನು ಹಳೆಯ ಜಾಗದಲ್ಲೇ ಕಟ್ಟಿ, ಮನೆಯ ಹಸು ಅಥವಾ ಕರುವನ್ನು ಅದಕ್ಕೆ ಕಾಣುವಂತೆ ಪಕ್ಕದಲ್ಲಿ ಕಟ್ಟಿರಿ. ಸತ್ತ ಎತ್ತಿಗೆ ರೋಗವಿದ್ದ ಅನುಮಾನವಿದ್ದರೆ ವೈದ್ಯರನ್ನು ಕೇಳಿಯೇ ಹೀಗೆ ಮಾಡಿರಿ.

2. ಮೇವು, ನೀರು, ಮೈ ತಿಕ್ಕುವುದು ಎಲ್ಲವೂ ದಿನವೂ ಅದೇ ಹೊತ್ತಿಗೆ, ಅದೇ ಕೈಯಿಂದ ನಡೆಯಲಿ.

3. ಕೊಂಡು ತಂದ ಎತ್ತನ್ನು ಕೂಡಲೇ ಪಕ್ಕದಲ್ಲಿ ಕಟ್ಟಬೇಡಿರಿ. ಕನಿಷ್ಠ 3 ವಾರ ಬೇರೆ ಇರಿಸಿ, ಕಾಲುಬಾಯಿ ಜ್ವರದ ಲಸಿಕೆ ಆಗಿದೆಯೇ ವಿಚಾರಿಸಿರಿ.

4. ಎತ್ತರ, ನಡಿಗೆ ಎರಡೂ ಹೊಂದುವ ಎತ್ತನ್ನೇ ಆರಿಸಿರಿ. ನಡಿಗೆ ಹೊಂದದಿದ್ದರೆ ನೊಗ ಓರೆಯಾಗಿ ಸಾಲು ಸೊಟ್ಟಗಾಗುತ್ತದೆ, ಉಳುಮೆಯ ಆಳವೂ ಏರುಪೇರಾಗುತ್ತದೆ. ಎಡಕ್ಕೆ ರೂಢಿಯಾದ ಎತ್ತನ್ನು ಎಡಕ್ಕೇ ಹೂಡಿರಿ.

5. ಮೊದಲು ಕೆಲವು ದಿನ ಬರಿಯ ನೊಗ ಹೊರಿಸಿ ತಂಪು ಹೊತ್ತಿನಲ್ಲಿ ಅರ್ಧ ಗಂಟೆ ನಡೆಸಿರಿ. ಆಮೇಲೆ ಖಾಲಿ ಗಾಡಿ, ಹಗುರವಾದ ಕುಂಟೆ, ಕೊನೆಗೆ ನೇಗಿಲು.

ಮಾರುವ ಮುನ್ನ

ಜೋಡಿಯಲ್ಲಿ ಒಂದನ್ನು ಮಾರಲೇಬೇಕಾದರೆ ಮೊದಲೇ ರೂಢಿ ಮಾಡಿಸಿರಿ. ದಿನಕ್ಕೆ ಕೆಲವು ನಿಮಿಷ ದೂರ ಕಟ್ಟಿ, ಕೂಗಾಡುವ ಮೊದಲೇ ಜೊತೆಗೆ ತನ್ನಿರಿ. ದೂರವನ್ನೂ ಹೊತ್ತನ್ನೂ ಮೆಲ್ಲಗೆ ಹೆಚ್ಚಿಸಿರಿ. ಈ ಕೆಲಸ ಬೇಸಿಗೆಯಲ್ಲೇ ಮುಗಿಯಲಿ. ಮುಂಗಾರಿನ ಹದ ಎತ್ತು ಪಳಗುವವರೆಗೆ ಕಾಯುವುದಿಲ್ಲ.