ಎಕ್ಸ್‌ಎಂಎಲ್ ವಿದ್ಯೆಯೂ ನಮ್ಮ ಮಕ್ಕಳೂ

ಮಕರಪುರದ ಜಿ.ಐ.ಡಿ.ಸಿ. ವಸಾಹತಿನಲ್ಲಿ ದುಡಿಯುವ ನಮ್ಮವರಿಗೆ ಚಲನ್ ಎಂದರೇನೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಕಾರಖಾನೆಯಿಂದ ಮತ್ತೊಂದಕ್ಕೆ ಸರಕು ಹೋಗುವಾಗ ಅದರ ಸಂಗಡ ಒಂದು ಕಾಗದವೂ ಹೋಗುತ್ತದೆ. ಸರಕು ಯಾವುದು, ಎಷ್ಟು, ಯಾರಿಂದ ಯಾರಿಗೆ ಎಂಬುದೆಲ್ಲ ಅದರಲ್ಲಿ ಬೇರೆಬೇರೆಯಾಗಿ ಬರೆದಿರುತ್ತದೆ. ಆ ಕಾಗದವಿಲ್ಲದೆ ಬಂದ ಕಬ್ಬಿಣದ ತುಂಡು ಬರಿಯ ಕಬ್ಬಿಣದ ತುಂಡೇ. ಗಣಕಯಂತ್ರಗಳು ತಮ್ಮೊಳಗೆ ಮಾಹಿತಿಯನ್ನು ಕಳಿಸಿಕೊಳ್ಳುವಾಗಲೂ ಇಂಥದೇ ಚಲನ್ ಬೇಕು. ಅದನ್ನು ಬರೆಯುವ ರೀತಿಗಳಲ್ಲಿ ಒಂದಕ್ಕೆ ಎಕ್ಸ್‌ಎಂಎಲ್ ಎಂದು ಹೆಸರು. ವೆಬ್ ತಾಣಗಳನ್ನೂ ಸೇವೆಗಳನ್ನೂ ಕಟ್ಟುವ ಕೆಲಸ ಕಲಿಯುವ ನಮ್ಮ ಹುಡುಗ ಹುಡುಗಿಯರಿಗೆ ಇದರ ಪರಿಚಯ ಅವಶ್ಯ. ಇದನ್ನು ಕನ್ನಡದಲ್ಲಿಯೇ ಕಲಿಯಬಹುದೆಂಬುದನ್ನೂ, ಹಾಗೆ ಕಲಿತರೆ ಒಂದಕ್ಕೆರಡು ಲಾಭವೆಂಬುದನ್ನೂ ವಾಚಕ ಬಂಧುಗಳ ಮುಂದಿಡಬೇಕೆಂದಿದ್ದೇವೆ.

ವೆಬ್ಬಿನ ನಿಯಮಗಳನ್ನು ಗೊತ್ತುಪಡಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ ಎಂಬ ಸಂಸ್ಥೆ ೧೯೯೮ನೆಯ ಇಸವಿ ಫೆಬ್ರವರಿ ೧೦ರಂದು ಎಕ್ಸ್‌ಎಂಎಲ್ಲಿನ ಮೊದಲ ಆವೃತ್ತಿಯನ್ನು ಅಂಗೀಕರಿಸಿತು. ಜಾವಾ, ಪೈಥಾನ್‌ಗಳಂತೆ ಇದು ಯಂತ್ರಕ್ಕೆ ಕೆಲಸ ಹೇಳುವ ಭಾಷೆಯಲ್ಲ. ಯಾವುದು ಏನೆಂದು ಹೆಸರಿಟ್ಟು ತೋರಿಸುವುದಷ್ಟೇ ಇದರ ಕಾರ್ಯ. ಸಂಘದ ಕಪಾಟಿನಲ್ಲಿರುವ ಒಂದು ಪುಸ್ತಕವನ್ನು ಹೀಗೆ ಬರೆಯಬಹುದು:

<ಪುಸ್ತಕ>
  <ಹೆಸರು>ಬೆಟ್ಟದ ಜೀವ</ಹೆಸರು>
  <ಕರ್ತೃ>ಶಿವರಾಮ ಕಾರಂತ</ಕರ್ತೃ>
  <ಕಪಾಟು>೨</ಕಪಾಟು>
</ಪುಸ್ತಕ>

ಕೊಂಕು ಕಂಸದೊಳಗಿನ ಈ ಹೆಸರುಚೀಟಿಗೆ ಟ್ಯಾಗು ಎನ್ನುತ್ತಾರೆ. ನಿಯಮಗಳು ಕೆಲವೇ. ತೆರೆದ ಟ್ಯಾಗನ್ನು ಮುಚ್ಚಬೇಕು. ಒಳಗೆ ತೆರೆದದ್ದನ್ನು ಒಳಗೇ ಮುಚ್ಚಬೇಕು. ಡಬ್ಬಿಯೊಳಗಿನ ಡಬ್ಬಿಯ ಮುಚ್ಚಳ ಹೊರಡಬ್ಬಿಗೆ ಸಲ್ಲದು. ಎಲ್ಲವನ್ನೂ ಹೊದ್ದುಕೊಂಡ ಒಂದೇ ಹೊರಟ್ಯಾಗು ಇರಬೇಕು. ನೂರು ಪುಸ್ತಕಗಳಿದ್ದರೆ ಅವನ್ನೆಲ್ಲ ‘ಪುಸ್ತಕಪಟ್ಟಿ’ ಎಂಬುದರೊಳಗೆ ಇಟ್ಟರಾಯಿತು. ಟ್ಯಾಗಿನ ಹೆಸರಿನ ನಡುವೆ ತೆರಪು ಬಿಡಕೂಡದು. ಇವುಗಳಲ್ಲಿ ಒಂದು ತಪ್ಪಿದರೂ ಯಂತ್ರ ಓದುವುದನ್ನು ನಿಲ್ಲಿಸಿಬಿಡುತ್ತದೆ. ಕಲಿಯುವವರಿಗೆ ಈ ಕಟ್ಟುನಿಟ್ಟೇ ಒಳ್ಳೆಯ ಗುರು.

ಟ್ಯಾಗುಗಳೂ ಕನ್ನಡದಲ್ಲಿವೆಯಲ್ಲ, ಇದು ನಡೆದೀತೆ ಎಂದು ಕೆಲವರು ಕೇಳಬಹುದು. ಖಂಡಿತವಾಗಿ ನಡೆಯುತ್ತದೆ. ಎಕ್ಸ್‌ಎಂಎಲ್ ನಿಂತಿರುವುದು ಯೂನಿಕೋಡ್ ಎಂಬ ತಳಹದಿಯ ಮೇಲೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದು ಒಂದೊಂದು ಅಂಕೆಯನ್ನು ಗೊತ್ತುಮಾಡುತ್ತದೆ. ಕನ್ನಡಕ್ಕೆ ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ. ಇದರ ಬೆಲೆ ಏನೆಂಬುದು ಹಳೆಯ ಕಡತಗಳನ್ನು ತೆರೆಯಹೋದವರಿಗೆ ಗೊತ್ತು. ಮೊದಲಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಅಂಕೆಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಲೇಖನವೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಹೊರನಾಡಿನಲ್ಲಿ ಕಷ್ಟಪಟ್ಟು ಬರೆದಿಟ್ಟದ್ದು ಹೀಗೆ ಹಾಳಾದರೆ ಅದನ್ನು ಮತ್ತೆ ಬರೆಯುವವರು ಯಾರು? ಯೂನಿಕೋಡಿನಲ್ಲಿ ಬರೆದು, ಹೆಸರುಚೀಟಿ ಹಚ್ಚಿಟ್ಟ ಮಾಹಿತಿಗೆ ಈ ಭಯವಿಲ್ಲ.

ಕನ್ನಡದಲ್ಲಿ ಬರೆಯುವವರು ಒಂದು ಎಚ್ಚರಿಕೆ ವಹಿಸಬೇಕು. ‘ಫೋನು’ ಎಂಬಲ್ಲಿಯ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಹಾಕಬಹುದು, ಮೂರು ತುಣುಕುಗಳನ್ನು ಜೋಡಿಸಿಯೂ ಹಾಕಬಹುದು. ಕಣ್ಣಿಗೆ ಎರಡೂ ಒಂದೇ, ಎಕ್ಸ್‌ಎಂಎಲ್ಲಿಗೆ ಬೇರೆಬೇರೆ. ಒಂದು ರೀತಿಯಲ್ಲಿ ತೆರೆದು ಇನ್ನೊಂದು ರೀತಿಯಲ್ಲಿ ಮುಚ್ಚಿದರೆ ಟ್ಯಾಗು ಹೊಂದುವುದಿಲ್ಲ. ಆದುದರಿಂದ ಒಂದೇ ಕೀಲಿಮಣೆಯಲ್ಲಿ ಬರೆಯುವುದು ಲೇಸು.

ಇನ್ನು ಗುಜರಾತಿನಲ್ಲಿರುವ ನಮಗೆ ವಿಶೇಷವಾದ ಒಂದು ಸಂಗತಿ. ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಓದುವುದು ಮಾತ್ರ ಗುಜರಾತಿ. ಯೂನಿಕೋಡಿನಲ್ಲಿ ಕನ್ನಡದ ‘ಕ’ ಅಕ್ಷರದ ಅಂಕೆ ೩೨೨೧. ಗುಜರಾತಿಯ ‘ಕ’ಕಾರದ್ದು ೨೭೦೯. ವ್ಯತ್ಯಾಸ ೫೧೨. ‘ಮ’ಕಾರಕ್ಕೂ ಅಷ್ಟೇ, ‘ಲ’ಕಾರಕ್ಕೂ ಅಷ್ಟೇ. ಭಾರತೀಯ ಲಿಪಿಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದರ ಫಲ ಇದು. ಕನ್ನಡದ ಪುಸ್ತಕಪಟ್ಟಿಯನ್ನು ಓದಿ, ಪ್ರತಿ ಅಕ್ಷರದಿಂದ ೫೧೨ ಕಳೆದು, ಗುಜರಾತಿ ಲಿಪಿಯಲ್ಲಿ ತೋರಿಸುವ ಚಿಕ್ಕ ಪ್ರೋಗ್ರಾಮನ್ನು ಹೈಸ್ಕೂಲಿನ ಹುಡುಗಿಯೂ ಬರೆಯಬಲ್ಲಳು. ಆದರೆ ‘ಬೆಟ್ಟದ ಜೀವ’ ಎಂಬಲ್ಲಿ ಅವಳ ಲೆಕ್ಕ ತಪ್ಪುತ್ತದೆ. ನಮ್ಮ ಹ್ರಸ್ವ ಎಕಾರ, ಒಕಾರಗಳು ಗುಜರಾತಿಯಲ್ಲಿ ಇಲ್ಲ. ಅವುಗಳ ಸ್ಥಾನ ಅಲ್ಲಿ ಬರಿದಾಗಿದೆ. ದೀರ್ಘವನ್ನೇ ಹಾಕಿ ‘ಬೇಟ್ಟದ’ ಎನ್ನಬೇಕಾಗುತ್ತದೆ. ಅದನ್ನು ತಿದ್ದಿ ಹೇಳಲು ಮನೆಯಲ್ಲಿ ಅಜ್ಜಿಯೇ ಬೇಕು. ಯಂತ್ರವಿದ್ಯೆಯ ನೆಪದಲ್ಲಿ ಮೊಮ್ಮಗಳು ಕನ್ನಡದ ಕಾಗುಣಿತಕ್ಕೆ ಬಂದಂತಾಯಿತು.

ಪಟ್ಟಿಮಾಡುವ ಕೆಲಸ ಬಡೋದೆಗೆ ಹೊಸತಲ್ಲ. ಮಹಾರಾಜ ಸಯಾಜಿರಾವ್ ಗಾಯಕವಾಡರು ೧೯೧೦ರಲ್ಲಿ ಅಮೆರಿಕದ ಬಾರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ಸಂಸ್ಥಾನದಲ್ಲೆಲ್ಲ ಗ್ರಂಥಾಲಯಗಳನ್ನು ಏರ್ಪಡಿಸಿದರು. ಪುಸ್ತಕ ತುಂಬಿದ ಪೆಟ್ಟಿಗೆಗಳು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದುವು. ವೆಬ್ ಸೇವೆಯೂ ಇಂಥ ಪೆಟ್ಟಿಗೆಯ ವ್ಯವಹಾರವೇ. ‘ಕಾರಂತರ ಪುಸ್ತಕಗಳು ಯಾವುವು?’ ಎಂದು ಒಂದು ಯಂತ್ರ ಕೇಳಿದರೆ, ಉತ್ತರ ಹೆಸರುಚೀಟಿಗಳೊಡನೆ ಕಟ್ಟಿಕೊಂಡು ಹಿಂದಿರುಗುತ್ತದೆ.

ಎಲ್ಲ ಕಡೆಯೂ ಎಕ್ಸ್‌ಎಂಎಲ್ಲೇ ನಡೆಯುತ್ತದೆಂದು ತಿಳಿಯಬಾರದು. ಹೊಸ ವೆಬ್ ಸೇವೆಗಳಲ್ಲಿ ಜೇಸನ್ ಎಂಬ ಹಗುರವಾದ ರೀತಿ ಹೆಚ್ಚಾಗಿದೆ. ಆದಾಯ ತೆರಿಗೆಯ ರಿಟರ್ನ್‌ಗಳನ್ನು ಕೂಡ ೨೦೨೧ರಲ್ಲಿ ಎಕ್ಸ್‌ಎಂಎಲ್ಲಿನಿಂದ ಜೇಸನ್ನಿಗೆ ಬದಲಾಯಿಸಿದರು. ಹಾಗೆಂದು ಇದು ಮೂಲೆಗೆ ಬಿದ್ದಿಲ್ಲ. ವರ್ಡ್, ಎಕ್ಸೆಲ್ ಕಡತಗಳ ಒಡಲಲ್ಲಿರುವುದು ಎಕ್ಸ್‌ಎಂಎಲ್. ಇಲ್ಲಿಯ ಅಂಗಡಿಗಳ ಲೆಕ್ಕ ಬರೆಯುವ, ನಮ್ಮ ಬೆಂಗಳೂರಿನ ಟ್ಯಾಲಿ ಕೂಡ ಇತರ ಪ್ರೋಗ್ರಾಮುಗಳೊಡನೆ ಎಕ್ಸ್‌ಎಂಎಲ್ಲಿನಲ್ಲಿ ಮಾತನಾಡಬಲ್ಲುದು. ವಸ್ತುಗಳನ್ನು ವಿಂಗಡಿಸಿ ಹೆಸರಿಡಲು ಒಮ್ಮೆ ಕಲಿತವರಿಗೆ ಜೇಸನ್ ಕಷ್ಟವಾಗದು.

ಆರಂಭಕ್ಕೆ ಹಣ ಬೇಡ. ಮೇಲಿನ ಪಟ್ಟಿಯನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಯುಟಿಎಫ್-೮ ಕ್ರಮದಲ್ಲಿ ಎಕ್ಸ್‌ಎಂಎಲ್ ಕಡತವಾಗಿ ಉಳಿಸಿ, ಬ್ರೌಸರಿನಲ್ಲಿ ತೆರೆಯಿರಿ. ತಪ್ಪಿದ್ದರೆ ಯಾವ ಸಾಲಿನಲ್ಲೆಂದು ಅದೇ ಹೇಳುತ್ತದೆ. ಅನಂತರ ಅದನ್ನು ಪೈಥಾನಿನಿಂದ ಓದುವುದು, ಆಮೇಲೆ ಎಕ್ಸ್‌ಎಸ್‌ಎಲ್‌ಟಿ ಎಂಬ ಉಪಕರಣದಿಂದ ಪುಟವಾಗಿ ಮಾರ್ಪಡಿಸುವುದು, ಕಡೆಗೆ ಕೇಳಿದವರಿಗೆ ಉತ್ತರ ಕೊಡುವ ಸೇವೆ ಕಟ್ಟುವುದು — ಇದು ಕ್ರಮ. ಉದ್ಯೋಗದಲ್ಲಿ ಟ್ಯಾಗುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ, ನಿಜ. ಮನೆಯ ಮಾತಿನಲ್ಲಿ ತಿಳಿದುಕೊಂಡದ್ದನ್ನು ಆಫೀಸಿನ ಮಾತಿಗೆ ಬದಲಾಯಿಸಿಕೊಳ್ಳುವುದು ಸುಲಭ.

ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು: ಈ ರಜೆಯಲ್ಲಿ ಮಕ್ಕಳಿಂದ ಮನೆಯ ಕನ್ನಡ ಪುಸ್ತಕಗಳದೋ, ಅಜ್ಜಿಗೆ ಬರುವ ಹಾಡುಗಳದೋ ಒಂದು ಪಟ್ಟಿಯನ್ನು ಹೀಗೆ ಮಾಡಿಸಿರಿ. ಹತ್ತು ಹಾಡುಗಳಾದರೂ ಸಾಕು. ಬರೆದಿಡುವುದಕ್ಕೆ ಅಜ್ಜಿಯರು ಇರುವಾಗಲೇ ಕೈಹಚ್ಚಬೇಕು.