ಇಟ್ಯಾಲಿಕ್ ಅಕ್ಷರದ ಕಥೆ

ಇಂಗ್ಲಿಷ್ ಪುಸ್ತಕವೊಂದನ್ನು ತೆರೆದರೆ ನೆಟ್ಟಗೆ ನಿಂತ ಅಕ್ಷರಗಳ ನಡುವೆ ಅಲ್ಲಲ್ಲಿ ಬಲಕ್ಕೆ ವಾಲಿದ ಅಕ್ಷರಗಳು ಕಾಣುತ್ತವೆ. ಗ್ರಂಥದ ಹೆಸರನ್ನೋ ಒತ್ತಿ ಹೇಳಬೇಕಾದ ಪದವನ್ನೋ ಮುದ್ರಕರು ಹೀಗೆ ಅಚ್ಚುಮಾಡುವರು. ಇವೇ ಇಟ್ಯಾಲಿಕ್ ಅಕ್ಷರಗಳು. ಇಟಲಿ ದೇಶದಲ್ಲಿ ಹುಟ್ಟಿದುದರಿಂದ ಇವಕ್ಕೆ ಆ ಹೆಸರು ಬಂದಿತು. ಆದರೆ ಇವು ಹುಟ್ಟಿದುದು ಒಂದೆರಡು ಪದಗಳನ್ನು ಎತ್ತಿ ತೋರಿಸುವುದಕ್ಕಲ್ಲ; ಇಡೀ ಗ್ರಂಥವನ್ನೇ ಮುದ್ರಿಸುವುದಕ್ಕೆ.

ಹದಿನೈದನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದಲ್ಲಿ ಆಲ್ಡಸ್ ಮನೂಷಿಯಸ್ ಎಂಬ ವಿದ್ವಾಂಸನು ಅಚ್ಚುಕೂಟವೊಂದನ್ನು ನಡೆಸುತ್ತಿದ್ದನು. ಅಂದಿನ ಪಂಡಿತಗ್ರಂಥಗಳು ಬಹುಮಟ್ಟಿಗೆ ದೊಡ್ಡ ಗಾತ್ರದವು. ಮೇಜಿನ ಮೇಲಿಟ್ಟು ಓದಬೇಕಾದಂಥವು. ಪ್ರಾಚೀನ ಕವಿಗಳ ಕೃತಿಗಳು ಓದುಗರ ಅಂಗೈಗೆ ಬರಬೇಕೆಂಬುದು ಆಲ್ಡಸನ ಹಂಬಲ. ಆ ಚಿಕ್ಕ ಪುಟಕ್ಕೆ ಒಪ್ಪುವ ಹೊಸ ಅಕ್ಷರ ಬೇಕಾಯಿತು. ವಿದ್ವಾಂಸರು ವೇಗವಾಗಿ ಬರೆಯಲು ಬಳಸುತ್ತಿದ್ದ ಓಡುಬರಹವೇ ಅದಕ್ಕೆ ಮಾದರಿಯಾಯಿತು.

ಅದನ್ನು ಲೋಹದಲ್ಲಿ ಮೂಡಿಸಿದವನು ಬೊಲೋನ್ಯದ ಫ್ರಾಂಚೆಸ್ಕೊ ಗ್ರಿಫೊ. ಈ ಕೆಲಸ ಎಷ್ಟು ಸೂಕ್ಷ್ಮವಾದುದೆಂಬುದನ್ನು ಊಹಿಸಿಕೊಳ್ಳಿರಿ. ಉಕ್ಕಿನ ಸರಳಿನ ತುದಿಯಲ್ಲಿ ಅಕ್ಷರವನ್ನು ಎಡಬಲ ಮಗುಚಿ ಉಬ್ಬಾಗಿ ಕೆತ್ತಬೇಕು. ಆ ಸರಳನ್ನು ತಾಮ್ರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದಾಗ ಅಕ್ಷರದ ತಗ್ಗು ಬೀಳುತ್ತದೆ. ಅದರೊಳಗೆ ಕರಗಿಸಿದ ಸೀಸದ ಮಿಶ್ರಲೋಹವನ್ನು ಹೊಯ್ದರೆ ಅಚ್ಚಿನ ಮೊಳೆ ಸಿದ್ಧವಾಗುತ್ತದೆ. ಓಡುಬರಹದಲ್ಲಿ ಅಕ್ಷರಗಳು ಒಂದನ್ನೊಂದು ಕೂಡಿಕೊಂಡಿರುತ್ತವೆ. ಆದುದರಿಂದ ಗ್ರಿಫೊ ಬಿಡಿಯಕ್ಷರಗಳಲ್ಲದೆ ಅನೇಕ ಜೋಡಿಯಕ್ಷರಗಳನ್ನೂ ಕೆತ್ತಬೇಕಾಯಿತು. ದೊಡ್ಡಕ್ಷರಗಳು ಮಾತ್ರ ನೆಟ್ಟಗೇ ಉಳಿದವು. ಅವು ವಾಲಿದುದು ಮುಂದಿನ ಮುದ್ರಕರ ಕಾಲದಲ್ಲಿ.

1501ರಲ್ಲಿ ವರ್ಜಿಲ್ ಕವಿಯ ಕಾವ್ಯಗಳು ಈ ಅಕ್ಷರಗಳಲ್ಲಿ ಪ್ರಕಟವಾದವು. ಗ್ರಂಥದ ಮೊದಲಲ್ಲಿ ಆಲ್ಡಸನು ಗ್ರಿಫೊವಿನ ಕೈಚಳಕವನ್ನು ಮೂರು ಪಂಕ್ತಿಗಳಲ್ಲಿ ಕೊಂಡಾಡಿದನು. ಆದರೆ 1502ರಲ್ಲಿ ವೆನಿಸ್ ಸೆನೆಟ್ ಸಭೆಯು ಆ ಅಕ್ಷರದ ಹಕ್ಕನ್ನು ಕೊಟ್ಟುದು ಆಲ್ಡಸನಿಗೆ! ಹೊಗಳಿಕೆ ಕೆತ್ತಿದವನಿಗೆ, ಹಕ್ಕು ಅಚ್ಚುಕೂಟದ ಒಡೆಯನಿಗೆ. ಇದು ನ್ಯಾಯವೆಂದು ಒಪ್ಪುವುದು ಕಷ್ಟ. ಗ್ರಿಫೊ ವೆನಿಸನ್ನು ತೊರೆದು ಫಾನೊ ಎಂಬ ಊರಿನ ಮುದ್ರಕ ಸೊಂಚಿನೊ ಎಂಬವನಿಗಾಗಿ ಇಂಥವೇ ಅಕ್ಷರಗಳನ್ನು ಕೆತ್ತಿದನು. ಇದನ್ನು ಕಂಡುಹಿಡಿದವನು ಗ್ರಿಫೊವೇ ಹೊರತು ಬೇರೆಯವರಲ್ಲವೆಂದು ಸೊಂಚಿನೊ 1503ರಲ್ಲಿ ಅಚ್ಚುಮಾಡಿ ಸಾರಿದನು.

ವೆನಿಸಿನ ಆಜ್ಞೆ ಫ್ರಾನ್ಸಿನಲ್ಲಿ ನಡೆಯಲಿಲ್ಲ. ಲಿಯೋನ್ ನಗರದ ಮುದ್ರಕರು ಆಲ್ಡಸನ ಪುಸ್ತಕಗಳನ್ನು ಅದೇ ಬಗೆಯ ಅಕ್ಷರಗಳಲ್ಲಿ ನಕಲು ಮಾಡಿದರು. ಸಿಟ್ಟಿಗೆದ್ದ ಆಲ್ಡಸನು ಆ ನಕಲುಗಳಲ್ಲಿದ್ದ ತಪ್ಪುಗಳ ಪಟ್ಟಿಯನ್ನು 1503ರಲ್ಲಿ ಪ್ರಕಟಿಸಿ ಓದುಗರನ್ನು ಎಚ್ಚರಿಸಿದನು. ಲಿಯೋನಿನವರು ಆ ಪಟ್ಟಿಯನ್ನೇ ನೋಡಿ ತಮ್ಮ ತಪ್ಪುಗಳನ್ನು ತಿದ್ದಿಕೊಂಡರು!

ಗ್ರಿಫೊ ನೆಟ್ಟನೆಯ ಅಕ್ಷರಗಳನ್ನೂ ಕೆತ್ತಿದ್ದನು. 1496ರಲ್ಲಿ ಪಿಯೆತ್ರೊ ಬೆಂಬೊ ಎಂಬ ಲೇಖಕನ ಕಿರುಗ್ರಂಥಕ್ಕೆ ಬಳಸಿದ ಅಕ್ಷರವನ್ನು ಮಾನೊಟೈಪ್ ಸಂಸ್ಥೆಯು 1929ರಲ್ಲಿ ಮತ್ತೆ ಬಳಕೆಗೆ ತಂದಿತು. ಅದಕ್ಕಿಟ್ಟ ಹೆಸರು ಬೆಂಬೊ. ಅದರ ಜೊತೆಗೆ ಸೇರಿಸಿದ ಇಟ್ಯಾಲಿಕ್ ಕೂಡ ಗ್ರಿಫೊವಿನದಲ್ಲ. ತಾಲ್ಯೆಂತೆ ಎಂಬ ಬೇರೊಬ್ಬ ಬರಹಗಾರನ ಮಾದರಿಯದು.